ಸೇಂಟ್ ಆನ್ಸ್ ತೋಟಕ್ಕೆ ಬನ್ನಿ: ನಾಟಿಂಗ್‌ಹ್ಯಾಮ್ ಕನ್ನಡಿಗರಿಗೆ ಒಂದು ಬಹಿರಂಗ ಪತ್ರ

ನಾಟಿಂಗ್‌ಹ್ಯಾಮ್ ಮತ್ತು ಸುತ್ತಮುತ್ತಲ ಊರುಗಳ ಕನ್ನಡ ಬಂಧುಗಳೇ, ನಮಸ್ಕಾರ.

ಈ ಊರಿಗೆ ನಮ್ಮವರು ಯಾರೇ ಹೊಸದಾಗಿ ಬರಲಿ, ಮನೆ ಎಲ್ಲಿ ನೋಡಬೇಕು ಅಂತ ಕೇಳಿದರೆ ನಾವು ಹೇಳುವ ಹೆಸರು ಅವೇ ಮೂರು. ವೆಸ್ಟ್ ಬ್ರಿಜ್‌ಫರ್ಡ್, ವೊಲ್ಲಟನ್, ಬೀಸ್ಟನ್. ಕೊನೆಗೆ ಒಂದು ಎಚ್ಚರಿಕೆಯನ್ನೂ ಸೇರಿಸುತ್ತೇವೆ: ಸೇಂಟ್ ಆನ್ಸ್ ಕಡೆ ಮಾತ್ರ ಬೇಡ. ಹೇಳುವವರಲ್ಲಿ ಎಷ್ಟು ಜನ ಅಲ್ಲಿಗೆ ಹೋಗಿದ್ದಾರೆ? ತುಂಬಾ ಕಡಿಮೆ. ಯಾರೋ ನಮಗೆ ಹೇಳಿದ್ದರು, ನಾವು ಮುಂದಿನವರಿಗೆ ಹೇಳುತ್ತೇವೆ, ಅಷ್ಟೇ.

ಆ ಸೇಂಟ್ ಆನ್ಸ್‌ನಲ್ಲೇ, ಸಿಟಿ ಸೆಂಟರಿನಿಂದ ಒಂದೂವರೆ ಮೈಲಿಯೊಳಗೆ, 75 ಎಕರೆ ತೋಟ ಇದೆ. ಹಂಗರ್‌ಹಿಲ್, ಸ್ಟೋನ್‌ಪಿಟ್ ಕಾಪಿಸ್, ಗೋರ್ಸಿ ಕ್ಲೋಸ್ ಅಂತ ಮೂರು ಭಾಗ. ಸುಮಾರು 670 ಬಿಡಿ ತೋಟಗಳು. ನಗರದ ಜನ ಮನೆಯಿಂದ ದೂರದಲ್ಲಿ ಬಾಡಿಗೆಗೆ ಹಿಡಿದು ಬೆಳೆಸಿಕೊಂಡ ತೋಟಗಳ ಪೈಕಿ ಜಗತ್ತಿನಲ್ಲೇ ಅತಿ ಹಳೆಯದು, ಅತಿ ದೊಡ್ಡದು ಅಂತ ಇದಕ್ಕೆ ಹೆಸರು. ಇಂಗ್ಲೆಂಡಿನ ಐತಿಹಾಸಿಕ ಉದ್ಯಾನಗಳ ಪಟ್ಟಿಯಲ್ಲಿ ಇದಕ್ಕೆ ಗ್ರೇಡ್ 2 ಸ್ಟಾರ್, ಅಂದರೆ ಮೇಲಿನಿಂದ ಎರಡನೆಯ ದರ್ಜೆಯ, ಸ್ಥಾನ ಇದೆ. ಅರಮನೆ, ಜಮೀನ್ದಾರರ ಬಂಗಲೆಗಳ ಉದ್ಯಾನಗಳೇ ತುಂಬಿರುವ ಪಟ್ಟಿ ಅದು. ಅದರೊಳಗೆ ಆಲೂಗಡ್ಡೆ, ಈರುಳ್ಳಿ, ಕೋಸು ಬೆಳೆಯುವ ಸಾಮಾನ್ಯರ ಜಾಗವೂ ಸೇರಿದೆ ಅನ್ನುವುದು ನನಗೆ ತುಂಬಾ ಹೆಮ್ಮೆಯ ವಿಷಯ.

ನಾನು ಅಲ್ಲಿ ವಾಲಂಟಿಯರ್ ಆಗಿ ಕೆಲಸಕ್ಕೆ ಹೋಗುತ್ತೇನೆ. ನೀವೂ ಬನ್ನಿ ಅಂತ ಕರೆಯಲು ಈ ಪತ್ರ. ಪ್ಲಾಟ್, ಅಂದರೆ ಬಾಡಿಗೆಗೆ ಒಂದು ಬಿಡಿ ತೋಟ, ಹಿಡಿಯಲು ಕರೆಯುತ್ತಿಲ್ಲ. ಅದರ ಮಾತು ಆಮೇಲೆ. ಎಲ್ಲರಿಗೂ ಸೇರಿದ ಹಣ್ಣಿನ ತೋಟದಲ್ಲಿ, ಓಣಿಗಳ ಬೇಲಿಯಲ್ಲಿ, ಶಾಲೆಯ ಮಕ್ಕಳು ನೋಡಲು ಬರುವ ದಿನಗಳಲ್ಲಿ ಕೈಜೋಡಿಸಿ ಅಂತ ಕೇಳುತ್ತಿದ್ದೇನೆ.

ಜಾಗದ ಕಥೆಯನ್ನು ಸ್ವಲ್ಪ ಹೇಳುತ್ತೇನೆ. ಇದು ಗೊತ್ತಾದರೆ ಅಲ್ಲಿನ ಒಂದೊಂದು ಬೇಲಿಯೂ ಬೇರೆ ಥರ ಕಾಣುತ್ತದೆ.

1830ರ ದಶಕದ ನಾಟಿಂಗ್‌ಹ್ಯಾಮ್ ಉಸಿರುಗಟ್ಟುವಂಥ ಊರು. ಲೇಸ್ ಮತ್ತು ಕಾಲುಚೀಲ ನೇಯುವ ಕಸುಬಿಗೆ ಜನ ಬಂದು ಸೇರುತ್ತಲೇ ಇದ್ದರು. ಊರಿನ ಸುತ್ತ ಬಯಲು ಇತ್ತು, ಆದರೆ ಅದು ಸಾಮೂಹಿಕ ಹಕ್ಕಿನ ಜಮೀನು, ಅಲ್ಲಿ ಮನೆ ಕಟ್ಟುವ ಹಾಗಿರಲಿಲ್ಲ. 1845ರಲ್ಲಿ ಕಾನೂನು ಬದಲಾಗುವವರೆಗೂ ಊರು ಹಳೆಯ ಎಲ್ಲೆಯೊಳಗೇ ಒತ್ತಿಕೊಂಡು ಬದುಕಿತು. ಮನೆಗೆ ಮನೆ ಅಂಟಿಕೊಂಡು, ಹಿತ್ತಲು ಅನ್ನುವುದೇ ಇಲ್ಲ. ಆಗ ಅಂಗಡಿ ಇಟ್ಟವರು, ಸ್ವಲ್ಪ ಕಾಸು ಇದ್ದವರು ಈ ಗುಡ್ಡದ ಇಳಿಜಾರಿನಲ್ಲಿ ತುಂಡು ತುಂಡು ಜಾಗ ಬಾಡಿಗೆಗೆ ಹಿಡಿದರು. ಸುತ್ತ ಹಾಥಾರ್ನ್ ಮುಳ್ಳಿನ ಬೇಲಿ ಬೆಳೆಸಿದರು. ಒಳಗೆ ಹಣ್ಣಿನ ಗಿಡ, ಹೂವು, ಗಾಜಿನ ಮನೆ. ಇಟ್ಟಿಗೆಯಲ್ಲಿ ಪುಟ್ಟ ಬೇಸಿಗೆ ಮನೆಗಳನ್ನೂ ಕಟ್ಟಿಕೊಂಡರು. ಕೆಲವಕ್ಕೆ ಅಗ್ಗಿಷ್ಟಿಕೆಯೂ ಇತ್ತು. ಭಾನುವಾರ ಸಂಸಾರ ಸಮೇತ ಬಂದು ಕೂರುವ ಜಾಗ.

ಆಮೇಲೆ ಅನುಕೂಲಸ್ಥರು ಹಿತ್ತಲಿರುವ ದೊಡ್ಡ ಮನೆಗಳಿಗೆ ಹೋದರು. ತೋಟಗಳು ಕೂಲಿ ಮಾಡುವವರ, ಕಾರ್ಖಾನೆಯವರ ಕೈಗೆ ಬಂದವು. ಅವರು ಬೆಳೆದದ್ದು ತರಕಾರಿ ಮಾತ್ರ ಅಲ್ಲ, ಗುಲಾಬಿ! 1860ರಲ್ಲಿ, ಈಸ್ಟರ್ ಹೊತ್ತಿಗೆ, ಸ್ಯಾಮ್ಯುಯೆಲ್ ರೆನಾಲ್ಡ್ಸ್ ಹೋಲ್ ಎಂಬ ಪಾದ್ರಿಗೆ ನಾಟಿಂಗ್‌ಹ್ಯಾಮಿನ ಕೆಲಸಗಾರರಿಂದ ಒಂದು ಕಾಗದ ಬಂತು. ನಮ್ಮ ಗುಲಾಬಿ ಪ್ರದರ್ಶನಕ್ಕೆ ತೀರ್ಪುಗಾರರಾಗಿ ಬನ್ನಿ ಅಂತ. ಹೋಲ್ ಅವರು ಅದಕ್ಕೆ ಎರಡು ವರ್ಷ ಮೊದಲು ಲಂಡನ್ನಿನಲ್ಲಿ ಮೊದಲ ರಾಷ್ಟ್ರೀಯ ಗುಲಾಬಿ ಪ್ರದರ್ಶನ ನಡೆಸಿದ್ದವರು. ಇನ್ನೂ ಚಳಿ ಬಿಡದ ಹೊತ್ತಲ್ಲಿ ಗುಲಾಬಿ ಎಲ್ಲಿಂದ ಬರಬೇಕು, ಯಾರೋ ಏಪ್ರಿಲ್ ಫೂಲ್ ಮಾಡುತ್ತಿದ್ದಾರೆ ಅಂದುಕೊಂಡರಂತೆ. ಬಂದು ನೋಡಿದರೆ ಒಂದು ಪಬ್ಬಿನ ಕೋಣೆ ತುಂಬಾ ಗುಲಾಬಿ. ಎಲ್ಲಾ ಇಂಥ ತೋಟಗಳ ಪುಟ್ಟ ಗಾಜಿನ ಮನೆಗಳಲ್ಲಿ ಅರಳಿದ್ದು. ರಾತ್ರಿ ಹಿಮದಿಂದ ಗಿಡ ಉಳಿಸಲು ಹಾಸಿಗೆಯ ಹೊದಿಕೆಯನ್ನೇ ತಂದು ಹೊದಿಸಿದವರ ಕಥೆಯನ್ನೂ ಅವರು ಬರೆದಿಟ್ಟಿದ್ದಾರೆ.

ಇನ್ನೂ ನೂರು ವರ್ಷ ಕಳೆಯುವಷ್ಟರಲ್ಲಿ ಸೇಂಟ್ ಆನ್ಸ್ ವಲಸೆ ಬಂದವರ ಬಡಾವಣೆ ಆಗಿತ್ತು. 1948ರಲ್ಲಿ ವಿಂಡ್‌ರಶ್ ಹಡಗು ಬಂದ ಮೇಲೆ ಜಮೈಕಾ ಮತ್ತಿತರ ದ್ವೀಪಗಳಿಂದ ಬಂದ ಕುಟುಂಬಗಳು ಇಲ್ಲಿ ನೆಲೆಸಿದವು. 1958ರ ಆಗಸ್ಟಿನಲ್ಲಿ ಇದೇ ಬೀದಿಗಳಲ್ಲಿ ಚರ್ಮದ ಬಣ್ಣದ ಹೆಸರಿನ ಗಲಭೆ ಆಯಿತು. ಲಂಡನ್ನಿನ ನಾಟಿಂಗ್ ಹಿಲ್ ಗಲಭೆಗೆ ಕೆಲವೇ ದಿನ ಮೊದಲು. 1960ರ ದಶಕದ ಕೊನೆ ಮತ್ತು 1970ರ ದಶಕದಲ್ಲಿ ಹಳೆಯ ಮನೆಗಳ ಸಾಲುಗಳಲ್ಲಿ ಹೆಚ್ಚಿನವನ್ನು ನಗರದ ಆಡಳಿತ ಕೆಡವಿ ಹಾಕಿತು. ಬೀದಿ ಹೋಯಿತು, ಅಂಗಡಿ ಹೋಯಿತು, ಅಕ್ಕಪಕ್ಕದವರು ಚದುರಿ ಹೋದರು. ತೋಟಗಳು ಮಾತ್ರ ಇದ್ದಲ್ಲೇ ಇದ್ದವು.

ಆದರೂ ಅವುಗಳಿಗೂ ಕೆಟ್ಟ ಕಾಲ ಬಂತು. ಹಿಡಿಯುವವರಿಲ್ಲದೆ ಎಷ್ಟೋ ಪ್ಲಾಟುಗಳು ಬ್ಲ್ಯಾಕ್‌ಬೆರಿ ಮುಳ್ಳಿನಲ್ಲಿ ಮುಚ್ಚಿಹೋದವು. ಬೇಸಿಗೆ ಮನೆಗಳ ಸೂರು ಕುಸಿಯಿತು. ಉಳಿದ ತೋಟಗಾರರೇ ಒಟ್ಟಾಗಿ ಓಡಾಡಿದ್ದರಿಂದ ಜಾಗಕ್ಕೆ ಐತಿಹಾಸಿಕ ಮಾನ್ಯತೆ ಸಿಕ್ಕಿತು, ಹಳೆಯ ಜಾಗಗಳನ್ನು ಉಳಿಸಲು ಕೊಡುವ ಹೆರಿಟೇಜ್ ಲಾಟರಿಯ ಹಣ ಬಂತು, ಬೇಲಿ ಮತ್ತು ಬೇಸಿಗೆ ಮನೆಗಳು ಮತ್ತೆ ರಿಪೇರಿ ಆದವು. ಹಳೆಯ ಸೇಬು, ಪೇರ್ ತಳಿಗಳ ಸಮುದಾಯ ತೋಟ ಎದ್ದಿತು.

ಒಂದು ಸಾರಿ ರಿಪೇರಿ ಆಯಿತು ಅಂದರೆ ಮುಗಿಯಿತು ಅಂತಲ್ಲ. ಬೇಲಿ ಪ್ರತಿ ವರ್ಷ ಬೆಳೆಯುತ್ತದೆ. ಮರ ಪ್ರತಿ ವರ್ಷ ಚಿಗುರುತ್ತದೆ. ದುಡ್ಡಿನ ವಿಷಯ ನಿಮಗೇ ಗೊತ್ತಿದೆ. 2023ರ ನವೆಂಬರಿನಲ್ಲಿ ನಾಟಿಂಗ್‌ಹ್ಯಾಮ್ ಸಿಟಿ ಕೌನ್ಸಿಲ್ ತನ್ನ ಬಜೆಟ್ ಸರಿದೂಗಿಸಲು ಆಗುವುದಿಲ್ಲ ಅಂತ ಸೆಕ್ಷನ್ 114 ನೋಟಿಸ್ ಹೊರಡಿಸಿತು. ಆಮೇಲೆ ಎಲ್ಲಿ ನೋಡಿದರೂ ಕಡಿತದ ಮಾತೇ. ಇಂಥ ಹೊತ್ತಲ್ಲಿ ವಾಲಂಟಿಯರುಗಳು ಬರದಿದ್ದರೆ ಆ ಕೆಲಸ ಮಾಡಲು ಬೇರೆ ಯಾರೂ ಬರುವುದಿಲ್ಲ.

ಹಾಗಂತ ಕೌನ್ಸಿಲ್ ಮಾಡಬೇಕಾದ್ದನ್ನೆಲ್ಲ ನಾವು ಪುಕ್ಕಟೆ ಮಾಡಿಕೊಡಬೇಕು ಅಂತ ನಾನು ಹೇಳುತ್ತಿಲ್ಲ. ಒಬ್ಬರು ನನ್ನನ್ನು ನೇರವಾಗಿಯೇ ಕೇಳಿದರು: ಟ್ಯಾಕ್ಸೂ ನಾವೇ ಕಟ್ಟಿ, ಕೆಲಸಾನೂ ನಾವೇ ಮಾಡಬೇಕಾ ಅಂತ. ನ್ಯಾಯವಾದ ಪ್ರಶ್ನೆ. ಗೋಡೆ ಕುಸಿದರೆ, ನೀರಿನ ಪೈಪು ಒಡೆದರೆ ಅದು ಖಂಡಿತ ಸಂಬಳ ಪಡೆಯುವ ನುರಿತವರ ಕೆಲಸ. ಅದಕ್ಕೆ ಹಣ ಇಡಿ ಅಂತ ನಿಮ್ಮ ಕೌನ್ಸಿಲರಿಗೆ ಕಾಗದ ಬರೆಯಿರಿ. ನಾನೂ ಬರೆಯುತ್ತೇನೆ. ಆದರೆ ಕೌನ್ಸಿಲಿನ ಹತ್ತಿರ ರಾಶಿ ದುಡ್ಡು ಇದ್ದರೂ ಅದು ಕೊಂಡುಕೊಳ್ಳಲಾಗದ ಕೆಲಸ ಕೆಲವಿದೆ. ಒಬ್ಬಂಟಿ ಅಜ್ಜಿಯ ಪ್ಲಾಟಿನ ಅರ್ಧಕ್ಕೆ ಕಳೆ ತೆಗೆದು ಕೊಡುವುದು, ಮಕ್ಕಳಿಗೆ ಎರೆಹುಳ ತೋರಿಸುವುದು, ಸೇಬು ಕೊಯ್ಲಿನ ದಿನ ಟೀ ಮಾಡಿ ಹಂಚುತ್ತಾ ಗುರುತಿಲ್ಲದವರ ಜೊತೆ ಮಾತಿಗೆ ಕೂರುವುದು. ಯಾವ ಗುತ್ತಿಗೆದಾರನೂ ಇದಕ್ಕೆ ಬಿಲ್ ಹಾಕಲಾರ.

ಕೆಲಸ ಏನಿರುತ್ತದೆ ಅಂತ ತುಂಬಾ ಜನ ಕೇಳುತ್ತಾರೆ. ಕಾಲಕ್ಕೆ ತಕ್ಕ ಹಾಗೆ ಇರುತ್ತದೆ. ಚಳಿಗಾಲದಲ್ಲಿ, ಎಲೆ ಎಲ್ಲ ಉದುರಿದ ಮೇಲೆ, ಸೇಬು ಮತ್ತು ಪೇರ್ ಮರಗಳನ್ನು ಸವರಬೇಕು. ನನಗೆ ತುಂಬಾ ಇಷ್ಟವಾದ ಕೆಲಸ ಇದು. ಮೊದಲು ಒಣಗಿದ್ದು, ಮುರಿದದ್ದು, ರೋಗ ಹಿಡಿದದ್ದನ್ನು ತೆಗೆಯುತ್ತೇವೆ. ಆಮೇಲೆ ಒಂದಕ್ಕೊಂದು ಉಜ್ಜಿಕೊಳ್ಳುವ ಕೊಂಬೆಗಳಲ್ಲಿ ಒಂದನ್ನು. ಕತ್ತರಿ ಇಡುವ ಜಾಗವನ್ನು ಮೊಗ್ಗು ನೋಡಿ ಆರಿಸಬೇಕು. ಹೊರಮುಖವಾಗಿರುವ ಮೊಗ್ಗಿನ ಸ್ವಲ್ಪವೇ ಮೇಲೆ, ಓರೆಯಾಗಿ. ಹಾಗೆ ಕತ್ತರಿಸಿದರೆ ಹೊಸ ಚಿಗುರು ಹೊರಗೆ ಹೋಗುತ್ತದೆ, ಮರದ ನಡುವೆ ಗಾಳಿ ಬೆಳಕು ಆಡುತ್ತದೆ. ಹಳೆಯ ಮರವನ್ನು ಒಂದೇ ವರ್ಷ ಜಾಸ್ತಿ ಕತ್ತರಿಸಬಾರದು. ಕತ್ತರಿಸಿದರೆ ಮುಂದಿನ ಬೇಸಿಗೆಯಲ್ಲಿ ನೆಟ್ಟಗೆ ಆಕಾಶಕ್ಕೆ ಹೋಗುವ ನೀರುಚಿಗುರುಗಳು ಪೊರಕೆಯ ಹಾಗೆ ಏಳುತ್ತವೆ, ಅವುಗಳಲ್ಲಿ ಹಣ್ಣು ಬಿಡುವುದಿಲ್ಲ. ಪ್ಲಮ್, ಚೆರಿ ಮರಗಳನ್ನು ಮಾತ್ರ ಚಳಿಗಾಲದಲ್ಲಿ ಮುಟ್ಟುವುದಿಲ್ಲ. ಹಸಿ ಗಾಯಕ್ಕೆ ಸಿಲ್ವರ್ ಲೀಫ್ ಎಂಬ ಶಿಲೀಂಧ್ರ ರೋಗ ತಗಲುತ್ತದೆ. ಅವುಗಳ ಸರದಿ ಬೇಸಿಗೆಯಲ್ಲಿ. ಇದೆಲ್ಲ ಮೊದಲೇ ಗೊತ್ತಿರಬೇಕು ಅಂತೇನಿಲ್ಲ. ಪಕ್ಕದಲ್ಲಿ ನಿಂತು ಹೇಳಿಕೊಡುವವರು ಇರುತ್ತಾರೆ.

ಬೇಲಿಯದು ಇನ್ನೊಂದು ಲೆಕ್ಕ. ಮಾರ್ಚಿನಿಂದ ಆಗಸ್ಟಿನವರೆಗೆ ಹಕ್ಕಿಗಳು ಗೂಡು ಕಟ್ಟುವ ಕಾಲ, ಆಗ ಬೇಲಿಗೆ ಕತ್ತರಿ ಹಾಕುವುದಿಲ್ಲ. ಹಕ್ಕಿ ಇರುವ ಗೂಡನ್ನು ಹಾಳು ಮಾಡುವುದು 1981ರ ಕಾಯ್ದೆಯ ಪ್ರಕಾರ ಅಪರಾಧ. ಉಳಿದ ತಿಂಗಳುಗಳಲ್ಲಿ ಬೇಲಿ ಸವರಿ, ಓಣಿ ನಡೆಯುವಷ್ಟು ಅಗಲ ಇಟ್ಟುಕೊಳ್ಳಬೇಕು. ವಸಂತದಲ್ಲಿ ಮಡಿ ಸಿದ್ಧ ಮಾಡುವುದು, ಗೊಬ್ಬರ ಹಾಕುವುದು. ಬೇಸಿಗೆ ಪೂರ್ತಿ ಕಳೆ. ಬೈಂಡ್‌ವೀಡ್ ಬಳ್ಳಿಯ ಬಿಳಿ ಬೇರನ್ನು ಒಂದು ಚೂರೂ ಬಿಡದೆ ಕೀಳಬೇಕು, ಬಿಟ್ಟರೆ ಪ್ರತಿ ಚೂರೂ ಬಳ್ಳಿಯಾಗುತ್ತದೆ. ಶರತ್ಕಾಲದಲ್ಲಿ ಸೇಬು ಕೊಯ್ಲು.

ಅಂದಹಾಗೆ, ಬ್ರಾಮ್ಲಿ ಸೇಬು ಹುಟ್ಟಿದ್ದೇ ನಮ್ಮ ಪಕ್ಕದ ಸೌತ್‌ವೆಲ್‌ನಲ್ಲಿ. 1809ರಲ್ಲಿ ಮೇರಿ ಆ್ಯನ್ ಬ್ರೇಲ್ಸ್‌ಫರ್ಡ್ ಎಂಬ ಹುಡುಗಿ ನೆಟ್ಟ ಬೀಜದಿಂದ ಬಂದ ತಳಿ ಅದು. ಹುಳಿ ಸೇಬು. ಇಲ್ಲಿನವರು ಪೈ ಮಾಡುತ್ತಾರೆ. ತುರಿದು ಒಗ್ಗರಣೆ ಹಾಕಿದರೆ ಮಾವಿನಕಾಯಿ ಚಿತ್ರಾನ್ನದ ಆಸೆ ಮುಕ್ಕಾಲು ತೀರುತ್ತದೆ, ತೊಕ್ಕಂತೂ ಬಲು ಚೆನ್ನ. ಕೆಲಸದ ದಿನ ಡಬ್ಬಿಯಲ್ಲಿ ತಂದಾಗ ಎಲ್ಲರೂ ಬೆರಳು ಚೀಪಿದರು.

ಈಗ ಆ ಎಚ್ಚರಿಕೆಯ ಮಾತಿಗೆ ಬರುತ್ತೇನೆ. ಸೇಂಟ್ ಆನ್ಸ್ ಬಡವರು ಜಾಸ್ತಿ ಇರುವ ಜಾಗ. ಅಲ್ಲಿ ತೊಂದರೆಗಳೇ ಇಲ್ಲ ಅಂತ ನಾನು ಹೇಳುವುದಿಲ್ಲ. ಆದರೆ ನಾವು ಬೆಂಗಳೂರಿನಿಂದ, ಮೈಸೂರಿನಿಂದ, ಹುಬ್ಬಳ್ಳಿಯಿಂದ ಬಂದು, ಆಸ್ಪತ್ರೆಯಲ್ಲೋ ಆಫೀಸಿನಲ್ಲೋ ಒಳ್ಳೆಯ ಕೆಲಸ ಹಿಡಿದು, ಒಳ್ಳೆಯ ಶಾಲೆ ಇರುವ ಕಡೆ ಮನೆ ಮಾಡಿ, ಅರ್ಧ ಊರನ್ನು ನೋಡದೆಯೇ ಇದ್ದುಬಿಡುತ್ತೇವೆ. ನಮಗಿಂತ ಅರವತ್ತು ಎಪ್ಪತ್ತು ವರ್ಷ ಮೊದಲು ಇದೇ ಥರ ಪೆಟ್ಟಿಗೆ ಹಿಡಿದು ಬಂದವರು ಆ ಅರ್ಧದಲ್ಲಿದ್ದಾರೆ. ಅವರಿಗೆ ಬಾಡಿಗೆ ಮನೆ ಕೊಡುವವರೂ ಇರಲಿಲ್ಲ. ಇವತ್ತು ನಾವು ಇಲ್ಲಿ ತಲೆ ಎತ್ತಿ ಓಡಾಡುತ್ತೇವಲ್ಲ, ಅದರಲ್ಲಿ ಅವರು ತಿಂದ ಪೆಟ್ಟಿನ ಪಾಲು ದೊಡ್ಡದು. ಆ ಜನರ ಪರಿಚಯವೇ ಇಲ್ಲದೆ ಇಲ್ಲಿ ಬಾಳುವುದು ಸರಿಯಲ್ಲ ಅಂತ ನನಗೆ ಬಲವಾಗಿ ಅನ್ನಿಸುತ್ತದೆ.

ತೋಟದಲ್ಲಿ ಆ ಪರಿಚಯ ಸುಲಭ. ಜಮೈಕಾ ಮೂಲದ ಹಿರಿಯರೊಬ್ಬರ ಪ್ಲಾಟಿನಲ್ಲಿ ಕಲಲೂ ಅಂತ ಒಂದು ಸೊಪ್ಪು ಸಾಲಾಗಿ ನಿಂತಿರುತ್ತದೆ. ನೋಡಿದ ತಕ್ಷಣ ಗೊತ್ತಾಗುತ್ತದೆ, ನಮ್ಮ ದಂಟಿನ ಜಾತಿಯದೇ. ಅದೇ ಎಲೆ, ಅದೇ ತೆನೆ, ಸಾಸಿವೆಗಿಂತ ಸಣ್ಣ ಅದೇ ಕಪ್ಪು ಹೊಳೆಯುವ ಬೀಜ. ಅವರು ಗಿಡ ಮೊಣಕಾಲೆತ್ತರ ಬಂದಾಗ ತುದಿ ಚಿವುಟುತ್ತಾರೆ, ಪಕ್ಕದಿಂದ ಮತ್ತೆ ಮತ್ತೆ ಕವಲು ಬರಲಿ ಅಂತ. ದಂಟನ್ನು ಬಿಸಾಡುವುದಿಲ್ಲ, ನಾರು ಎಳೆದು ಹೆಚ್ಚುತ್ತಾರೆ. ನಮ್ಮ ಅಜ್ಜಿಯಂದಿರೂ ಹಾಗೇ ಅಲ್ವಾ ಮಾಡುತ್ತಿದ್ದದ್ದು? ಅವರು ಈರುಳ್ಳಿ, ಥೈಮ್, ಖಾರದ ಮೆಣಸಿನಕಾಯಿ, ಉಪ್ಪು ಮೀನು ಹಾಕಿ ಬೇಯಿಸುತ್ತಾರೆ. ನಾನು ತೆಂಗಿನತುರಿ ಹಾಕಿ ಪಲ್ಯ ಮಾಡಿ ಕೊಟ್ಟೆ. ಇಲ್ಲಿನ ಹವೆಗೆ ಅದನ್ನು ಮೇ ಕೊನೆಗೆ ಮುಂಚೆ ಬಿತ್ತಬೇಡ ಅಂತ ಹೇಳಿಕೊಟ್ಟವರು ಅವರೇ. ಮೇ ನಡುವಿನವರೆಗೂ ರಾತ್ರಿ ಇಬ್ಬನಿ ಹೆಪ್ಪುಗಟ್ಟುವಷ್ಟು ಚಳಿ ಬೀಳಬಹುದು, ಮೊಳಕೆ ಉಳಿಯುವುದಿಲ್ಲ.

ಹೀಗೆ ಕೈಯಿಂದ ಕೈಗೆ ಬಂದ ಇನ್ನೂ ಕೆಲವು ಮಾತು ನಿಮಗೆ ಉಪಯೋಗಕ್ಕೆ ಬರಬಹುದು. ಸಬ್ಬಸಿಗೆ, ಮೆಂತ್ಯ, ಕೊತ್ತಂಬರಿ, ಮೂಲಂಗಿ ಇಲ್ಲಿನ ಬೇಸಿಗೆಗೆ ಸೊಗಸಾಗಿ ಬರುತ್ತವೆ. ಅವರೆ ಬರುವುದಿಲ್ಲ. ಹಗಲು ಚಿಕ್ಕದಾದ ಮೇಲೆ ಹೂ ಬಿಡುವ ಬಳ್ಳಿ ಅದು, ಅಷ್ಟರಲ್ಲಿ ಇಲ್ಲಿ ಚಳಿ ಬಂದಿರುತ್ತದೆ. ಆದರೆ ಬ್ರಾಡ್ ಬೀನ್ಸ್ ಇದೆಯಲ್ಲ, ಅದನ್ನು ಶರತ್ಕಾಲದಲ್ಲೇ ಬಿತ್ತಿದರೆ ಜೂನ್ ಹೊತ್ತಿಗೆ ಕಾಯಿ ಸಿಗುತ್ತದೆ. ಕಾಳು ಬಿಡಿಸಿ ಬಿಸಿ ನೀರಲ್ಲಿ ಒಂದು ನಿಮಿಷ ಅದ್ದಿ, ಬೆರಳಲ್ಲಿ ಹಿತುಕಿದರೆ ಹಸಿರು ಬೇಳೆ ಪುಳಕ್ಕನೆ ಹೊರಗೆ ಬರುತ್ತದೆ. ಅದರಲ್ಲಿ ಹಿತಕಿದ ಬೇಳೆ ಸಾರು ಮಾಡಿ ನೋಡಿ.

ಪ್ಲಾಟ್ ವಿಷಯ. ನಮ್ಮಲ್ಲಿ ಹಲವರು ಅಲಾಟ್‌ಮೆಂಟ್ (ಬಾಡಿಗೆಗೆ ಸಿಗುವ ಇಂಥ ತೋಟದ ತುಂಡು) ಅಂದ ಕೂಡಲೇ ಕೇಳುವುದು, ಎಷ್ಟು ಬೇಗ ಸಿಗುತ್ತೆ ಅಂತ. ಈ ದೇಶದ ಸಾಮಾನ್ಯ ಪೂರ್ತಿ ಪ್ಲಾಟ್ 10 ಪೋಲ್, ಅಂದರೆ ಸುಮಾರು 250 ಚದರ ಮೀಟರ್. ನಮ್ಮೂರಿನ 30×40 ಸೈಟ್ ಎರಡು ಸೇರಿಸಿದರೂ ಇದಕ್ಕೆ ಕಮ್ಮಿ. ಅಷ್ಟು ನೆಲವನ್ನು ವಾರಕ್ಕೆ ಒಂದು ಗಂಟೆಯಲ್ಲಿ ನೋಡಿಕೊಳ್ಳಲು ಸಾಧ್ಯವೇ ಇಲ್ಲ. ಏಪ್ರಿಲಿನಲ್ಲಿ ಹುರುಪಿನಿಂದ ಹಿಡಿದು, ರಜೆಗೆ ಊರಿಗೆ ಹೋಗಿ ಬರುವಷ್ಟರಲ್ಲಿ ಕಳೆ ಎದೆಯೆತ್ತರ ಬೆಳೆದು, ಸೆಪ್ಟೆಂಬರಿನಲ್ಲಿ ಬಿಟ್ಟುಕೊಡುವವರು ಎಲ್ಲ ಕಡೆ ಇದ್ದಾರೆ. ಅದರ ಬದಲು ಮೊದಲು ಒಂದು ವರ್ಷ ವಾಲಂಟಿಯರ್ ಆಗಿ ಬನ್ನಿ. ಮಣ್ಣಿನ ಹದ ಗೊತ್ತಾಗುತ್ತದೆ, ಜನ ಗೊತ್ತಾಗುತ್ತಾರೆ. ಆಮೇಲೂ ಆಸೆ ಇದ್ದರೆ ವೇಟಿಂಗ್ ಲಿಸ್ಟಿಗೆ ಹೆಸರು ಕೊಡಿ. ಇಲ್ಲಿ ಬೆಳೆಯುವುದು ಮುಖ್ಯವಾಗಿ ಮನೆಯ ಊಟಕ್ಕೆ, ವ್ಯಾಪಾರಕ್ಕಲ್ಲ. 1922ರ ಕಾನೂನಿನಲ್ಲೇ ಹಾಗಿದೆ. ಇಂಥ ಜಾಗ ಒದಗಿಸುವ ಹೊಣೆಯನ್ನು 1908ರ ಕಾನೂನು ಕೌನ್ಸಿಲುಗಳ ಮೇಲೆ ಹೊರಿಸಿದೆ. 1925ರ ಕಾನೂನಿನ ಪ್ರಕಾರ, ಅಲಾಟ್‌ಮೆಂಟಿಗೆಂದೇ ಪಡೆದ ಜಮೀನನ್ನು ಮಂತ್ರಿಯ ಒಪ್ಪಿಗೆ ಇಲ್ಲದೆ ಮಾರುವ ಹಾಗಿಲ್ಲ. ಇಷ್ಟು ತಿಳಿದುಕೊಂಡಿದ್ದರೆ ಕೌನ್ಸಿಲರಿಗೆ ಕಾಗದ ಬರೆಯುವಾಗ ಸಹಾಯ ಆಗುತ್ತದೆ.

ಇನ್ನು ನಮ್ಮ ಅಪ್ಪ ಅಮ್ಮಂದಿರು. ಈ ವಿಷಯದಲ್ಲಿ ನನಗೆ ತುಂಬಾ ಕಾಳಜಿ ಇದೆ. ಆರು ತಿಂಗಳ ವೀಸಾದಲ್ಲಿ ಬರುತ್ತಾರೆ. ನಾವು ಬೆಳಿಗ್ಗೆ ಕೆಲಸಕ್ಕೆ, ಮಕ್ಕಳು ಶಾಲೆಗೆ. ಅವರು ಕಿಟಕಿ ಪಕ್ಕ ಕೂತು, ಬೀದಿಯಲ್ಲಿ ಒಬ್ಬ ಮನುಷ್ಯ ಕಾಣಲಿ ಅಂತ ಕಾಯುತ್ತಾರೆ. ಅವರಲ್ಲಿ ಎಷ್ಟೋ ಜನ ಹೊಲ ಗದ್ದೆ ಮಾಡಿದವರು, ಕಸಿ ಕಟ್ಟಲು ಬಲ್ಲವರು, ಗೊಬ್ಬರದ ಗುಂಡಿಯ ವಾಸನೆ ಹಿಡಿದೇ ಹದ ಹೇಳಬಲ್ಲವರು. ಅವರ ಜೊತೆ ಒಂದು ಶನಿವಾರ ತೋಟಕ್ಕೆ ಬನ್ನಿ. ವಿಸಿಟರ್ ವೀಸಾದಲ್ಲಿರುವವರು ನೋಂದಾಯಿತ ಚಾರಿಟಿಗೆ ಒಟ್ಟು 30 ದಿನ ಮೀರದಂತೆ ವಾಲಂಟಿಯರ್ ಕೆಲಸ ಮಾಡಲು ನಿಯಮದಲ್ಲೇ ಅವಕಾಶ ಇದೆ. ಕರೆದುಕೊಂಡು ಬರುವ ಮುಂಚೆ ನಿಯಮ ಬದಲಾಗಿದೆಯಾ ಅಂತ ಒಮ್ಮೆ ನೋಡಿಕೊಳ್ಳಿ. ಇಂಗ್ಲಿಷ್ ಬರುವುದಿಲ್ಲ ಅಂತ ಹಿಂಜರಿಯಬೇಡಿ. ಗುದ್ದಲಿ ಹಿಡಿಯುವ ರೀತಿ ನೋಡಿದರೇ ಅಲ್ಲಿನ ಹಿರಿಯರಿಗೆ ಆಳು ಎಂಥವರು ಅಂತ ತಿಳಿಯುತ್ತದೆ.

ಗಂಡನಿಗೋ ಹೆಂಡತಿಗೋ ಕೆಲಸ ಸಿಕ್ಕಿ ಜೊತೆಗೆ ಬಂದು, ಇಲ್ಲಿ ಇನ್ನೂ ಕೆಲಸ ಹುಡುಕುತ್ತಿರುವವರಿಗೂ ಇದೇ ಮಾತು. ನಾಲ್ಕು ಗೋಡೆಯ ನಡುವೆ ಮನಸ್ಸು ಕುಗ್ಗುತ್ತದೆ. ಈ ದೇಶದಲ್ಲಿ ಡಾಕ್ಟರುಗಳೇ ಒಂಟಿತನಕ್ಕೆ, ಕುಗ್ಗಿದ ಮನಸ್ಸಿಗೆ ಇಂಥ ತೋಟದ ಗುಂಪುಗಳಿಗೆ ಹೋಗಿ ಅಂತ ಹೇಳುವುದು ಉಂಟು. ಅದೂ ಅಲ್ಲದೆ, ಕೆಲಸಕ್ಕೆ ಅರ್ಜಿ ಹಾಕುವಾಗ ನಿಮ್ಮ ಬಗ್ಗೆ ನಾಲ್ಕು ಮಾತು ಹೇಳಲು ಈ ಊರಿನವರೇ ಒಬ್ಬರು ಇರುತ್ತಾರೆ. ಅದರ ಬೆಲೆ ಹುಡುಕುತ್ತಿರುವವರಿಗೆ ಗೊತ್ತು.

ಬರುವವರಿಗೆ ಕೆಲವು ಮಾತು. ತೋಟದ ಗೇಟುಗಳಿಗೆ ಬೀಗ ಇರುತ್ತದೆ, ಸುಮ್ನೆ ಹೋಗಿ ನಿಂತರೆ ಒಳಗೆ ಹೋಗಲು ಆಗುವುದಿಲ್ಲ. ವಾಲಂಟಿಯರ್ ದಿನ ಯಾವುದು, ಸಾರ್ವಜನಿಕರಿಗೆ ತೆರೆದಿರುವ ದಿನ ಯಾವುದು ಅಂತ ಮೊದಲೇ ವಿಚಾರಿಸಿ. ದಪ್ಪ ಅಡಿಯ ಶೂ ಹಾಕಿ, ಮುಳ್ಳಿಗೆ ತಡೆಯುವ ಕೈಗವಸು ತನ್ನಿ. ಇಳಿಜಾರು ಜಾಗ, ಮಳೆ ಬಂದರೆ ಜಾರುತ್ತದೆ. ಮಕ್ಕಳನ್ನು ಕರೆದುಕೊಂಡು ಬಂದರೆ ಕಣ್ಣಳತೆಯಲ್ಲೇ ಇಟ್ಟುಕೊಳ್ಳಿ. ಬೇರೆಯವರ ಪ್ಲಾಟಿನೊಳಗೆ ಕರೆಯದೆ ಹೋಗಬೇಡಿ, ಒಂದು ಕರಿಬೇವಿನಷ್ಟು ಎಲೆಯನ್ನೂ ಕೇಳದೆ ಕೀಳಬೇಡಿ. ಫೋಟೋ ತೆಗೆಯುವ ಮುಂಚೆ ಕೇಳಿ. ನಮ್ಮವರು ಇಪ್ಪತ್ತು ಜನ ಒಂದೇ ದಿನ ಬಂದು, ಬ್ಯಾನರ್ ಹಿಡಿದು, ಮತ್ತೆ ಕಾಣಿಸದೆ ಹೋಗುವುದು ದಯವಿಟ್ಟು ಬೇಡ. ಇಬ್ಬರೇ ಬನ್ನಿ, ಆದರೆ ತಿಂಗಳಿಗೊಮ್ಮೆ ತಪ್ಪದೆ ಬನ್ನಿ. ತೋಟದವರಿಗೆ ಬೇಕಾಗಿರುವುದು ಅದು.

ಕನ್ನಡ ಬಳಗದ ಸಮಿತಿಯವರಲ್ಲಿ ಒಂದು ಕೋರಿಕೆ. ಯುಗಾದಿ, ದೀಪಾವಳಿಗಳನ್ನು ನೀವು ಎಷ್ಟು ಶ್ರದ್ಧೆಯಿಂದ ಮಾಡುತ್ತೀರಿ ಅಂತ ನಮಗೆಲ್ಲ ಗೊತ್ತು. ಹಾಲ್ ಹಿಡಿಯುವುದು, ಊಟ ಹೇಳುವುದು, ಮಕ್ಕಳ ಡ್ಯಾನ್ಸ್ ಕೂಡಿಸುವುದು ಸಣ್ಣ ಕೆಲಸ ಅಲ್ಲ. ಅದೇ ಸಾಮರ್ಥ್ಯದಲ್ಲಿ ಒಂದು ಪಾಲನ್ನು ಇದಕ್ಕೂ ಕೊಡಿ. ತಿಂಗಳಿಗೊಂದು ದಿನ ಗೊತ್ತು ಮಾಡಿ. ಕಾರಿಲ್ಲದ ವಿದ್ಯಾರ್ಥಿಗಳನ್ನು, ಹಿರಿಯರನ್ನು ಕರೆತರಲು ಯಾರು ಕಾರ್ ತರುತ್ತಾರೆ ಅಂತ ಪಟ್ಟಿ ಮಾಡಿ. ಊಟದ ಬುತ್ತಿಯನ್ನು ನಮಗೆ ಮಾತ್ರ ಅಂತ ಕಟ್ಟದೆ ಅಲ್ಲಿ ಕೆಲಸ ಮಾಡುವ ಎಲ್ಲರಿಗೂ ಸಾಕಾಗುವಷ್ಟು ಕಟ್ಟೋಣ. ಬಿಸಿಬೇಳೆ ಬಾತ್ ನಾನು ಮಾಡಿ ತರುತ್ತೇನೆ.

ಸೇಬಿನ ಮರ ಸವರುವ ಕೆಲಸ ಜನವರಿ, ಫೆಬ್ರವರಿಯಲ್ಲಿ ನಡೆಯುತ್ತದೆ. ಏಣಿ ಹಿಡಿಯಲು, ಕತ್ತರಿಸಿದ ಕೊಂಬೆ ಹೊತ್ತು ಹಾಕಲು ಐದಾರು ಜನ ಸಿಕ್ಕರೂ ಸಾಕು. ಬಳಗದ ಮುಂದಿನ ಸಭೆಯಲ್ಲಿ ಈ ಪತ್ರ ಓದಿಸಿ, ಯಾರು ಬರುತ್ತೀರಿ ಅಂತ ಅಲ್ಲೇ ಹೆಸರು ಬರೆದುಕೊಳ್ಳಿ. ಪಟ್ಟಿಯ ಮೇಲುಗಡೆ ನನ್ನ ಹೆಸರು ಇರಲಿ.

ಪ್ರೀತಿಯಿಂದ,
ನಾಟಿಂಗ್‌ಹ್ಯಾಮಿನ ಒಬ್ಬ ಕನ್ನಡತಿ